ಅಪ್ಪನ ಫೈಬ್ರಿನೋಜನ್ 510 ಬಂದಿದೆ, ಯಾರಿಗಾದರೂ ಹೀಗೆ ಆಗಿತ್ತಾ?

ಕುಂಬಳೆಯಿಂದ: ಅಪ್ಪನಿಗೆ 58 ವರ್ಷ. ಮಂಗಳೂರಿನಲ್ಲಿ ಚೆಕಪ್ ಮಾಡಿಸಿದೆವು. ಫೈಬ್ರಿನೋಜನ್ 510 ಅಂತ ಇದೆ, ಪಕ್ಕದಲ್ಲಿ ನಾರ್ಮಲ್ 200–400 ಅಂತ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಅದು, ಜಾಸ್ತಿಯಾದರೆ ಹಾರ್ಟ್ ಅಟ್ಯಾಕ್ ಅಂತ ಎಲ್ಲೋ ಓದಿ ಅಮ್ಮನಿಗೆ ನಿದ್ದೆಯಿಲ್ಲ. ಆಸ್ಪಿರಿನ್ ಶುರು ಮಾಡಲಾ?

ಬದಿಯಡ್ಕದಿಂದ: ನಮ್ಮ ಮಾವನಿಗೆ 540 ಇತ್ತು. ಡಾಕ್ಟರ್ ಮೊದಲು ಕೇಳಿದ್ದು ಎದೆಯ ವಿಷಯವೇ ಅಲ್ಲ. "ರಕ್ತ ಕೊಟ್ಟ ವಾರ ಜ್ವರ, ಗಾಯ, ಹಲ್ಲುನೋವು ಏನಾದರೂ ಇತ್ತಾ?" ಅಂದರು. ಇತ್ತು. ತೋಟದಲ್ಲಿ ಕತ್ತಿ ತಾಗಿ ಕಾಲು ಕೀವಾಗಿತ್ತು. ಮೈಯಲ್ಲಿ ಎಲ್ಲಿ ಉರಿಯೂತ ಇದ್ದರೂ ಲಿವರ್ ಈ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. ಗಾಯ ಮಾಗಿ ಒಂದೂವರೆ ತಿಂಗಳು ಬಿಟ್ಟು ನೋಡಿದಾಗ 370. ಬೀಡಿಯಿಂದಲೂ ಏರುತ್ತದೆ ಅಂತ ಡಾಕ್ಟರ್ ಒತ್ತಿ ಹೇಳಿದ್ದರು. ಮಾವ "ನಂಬರ್ ಇಳಿಯಿತಲ್ಲ" ಅಂತ ಅದೇ ಸಂಜೆ ಬೀಡಿಯ ಹೊಸ ಕಟ್ಟು ಬಿಚ್ಚಿದರು! ಆ ಜಗಳ ಇನ್ನೂ ಮುಗಿದಿಲ್ಲ.

ಮಂಜೇಶ್ವರದಿಂದ: ನಾನು ಲ್ಯಾಬಿನಲ್ಲಿ ಇರುವವಳು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 1987ರಲ್ಲೇ ಫೈಬ್ರಿನೋಜನ್ ಜಾಸ್ತಿ ಇದ್ದವರಿಗೆ ಹೃದಯದ ಕಾಯಿಲೆ ಜಾಸ್ತಿ ಅಂತ ಕಂಡಿತ್ತು. ಆದರೆ ಹುಟ್ಟಿನಿಂದಲೇ, ಜೀನ್ ಕಾರಣ ಅದು ಸ್ವಲ್ಪ ಜಾಸ್ತಿ ಇರುವವರನ್ನು ನೋಡಿದಾಗ ಅಟ್ಯಾಕ್ ಅಷ್ಟಾಗಿ ಏರಲಿಲ್ಲ. ನಾಯಿ ಬೊಗಳುತ್ತಿದೆ ಅಂದಮಾತ್ರಕ್ಕೆ ನಾಯಿಯೇ ಕಳ್ಳ ಅಲ್ವಲ್ಲ. ಬಿಪಿ, ಶುಗರ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಬೀಡಿ, ಇವನ್ನು ಹಿಡಿಯಿರಿ. ಆಸ್ಪಿರಿನ್ ತಡೆಯುವುದು ಪ್ಲೇಟ್‌ಲೆಟ್‌ಗಳನ್ನು, ಅಂದರೆ ರಕ್ತದಲ್ಲಿ ಒಂದಕ್ಕೊಂದು ಅಂಟಿಕೊಳ್ಳುವ ಸಣ್ಣ ಕಣಗಳನ್ನು. ಅದು ಫೈಬ್ರಿನೋಜನ್ ಇಳಿಸುವ ಮಾತ್ರೆ ಅಲ್ಲ, ಹೊಟ್ಟೆಯಲ್ಲಿ ರಕ್ತ ಸೋರುವ ಭಯವೂ ಇದೆ. ಡಾಕ್ಟರ್ ಹೇಳದೆ ಸುಮ್ನೆ ಕೊಡಬೇಡಿ.

ಉಪ್ಪಳದಿಂದ: ಹೌದು, "ರಕ್ತ ತೆಳು ಮಾಡುವ ಮಾತ್ರೆ" ಎಲ್ಲ ಒಂದೇ ಅಲ್ಲ. ನಮ್ಮ ಅಮ್ಮನಿಗೆ ಹಾರ್ಟಿನ ವಾಲ್ವ್ ಹಾಕಿದ್ದಾರೆ, ವಾರ್ಫರಿನ್ ನಡೆಯುತ್ತಿದೆ. ಮಳೆಗಾಲದಲ್ಲಿ ಚಪ್ಪರದ ತುಂಬಾ ಬಸಳೆ, ವಾರವಿಡೀ ಅದೇ ಪದಾರ್ಥ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ) 2.8 ಇದ್ದದ್ದು 1.6ಕ್ಕೆ ಬಿತ್ತು. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಕೆಲಸವನ್ನೇ ಕೆಡಿಸುತ್ತದೆ. ಈಗ ತಿನ್ನುತ್ತಾರೆ, ಆದರೆ ದಿನವೂ ಒಂದೇ ಅಳತೆ. ಮತ್ತೊಂದು, ಎದೆ ಹಿಂಡಿದಂತಾದರೆ, ಎಡಗೈಗೆ ನೋವು ಇಳಿದರೆ, ಬೆವರಿದರೆ ರಿಪೋರ್ಟ್ ಹುಡುಕುತ್ತಾ ಕೂರಬೇಡಿ. ಮಂಗಳೂರೇ ಆಗಬೇಕು ಅಂತಲೂ ಕಾಯಬೇಡಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ.

ಕುಂಬಳೆಯಿಂದ ಮತ್ತೆ: ಈಗ ನೆನಪಾಯಿತು, ಆ ವಾರ ಅಪ್ಪನಿಗೆ ದವಡೆ ಊದಿತ್ತು! ಗಂಜಿ ಮಾತ್ರ ಕುಡಿಯುತ್ತಿದ್ದರು. ನಾಳೆ ಹಲ್ಲಿನ ಡಾಕ್ಟರ ಬಳಿಗೆ.