ಮಾವಿನ ಫೋಟೊ ಹಾಕಿದ ಮೇಲೆ ಸೈಟ್ ನಿಧಾನ: ಏನು ಮಾಡೋದು?

ಪ್ರಶ್ನೆ: ನಮಸ್ಕಾರ ಸರ್. ಶ್ರೀನಿವಾಸಪುರದ ಹತ್ತಿರ ನಮ್ಮದು ಮಾವಿನ ತೋಟ. ಬೆಂಗಳೂರಿನ ಗಿರಾಕಿಗಳಿಗೆ ನೇರವಾಗಿ ಬಾಕ್ಸ್ ಕಳಿಸೋಣ ಅಂತ ಸೈಟ್ ಮಾಡಿಸಿದ್ದೀವಿ. ವರ್ಡ್‌ಪ್ರೆಸ್‌ನಂಥ ರೆಡಿಮೇಡ್ ಸಾಫ್ಟ್‌ವೇರ್ ಅಲ್ಲ, ಕೋಡ್ ಬರೆದೇ ಮಾಡಿಕೊಟ್ಟಿದ್ದಾರೆ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ ಎಲ್ಲ ಸೇರಿ ಮುಖಪುಟದಲ್ಲೇ 24 ಫೋಟೊ, ಮೇಲೆ ಒಂದಾದ ಮೇಲೊಂದು ಬದಲಾಗೋ 5 ಫೋಟೊಗಳ ಸ್ಲೈಡರ್. ಫೋನಲ್ಲಿ ತೆಗೆದದ್ದನ್ನ ಹಾಗೇ ಹಾಕಿದ್ದು, ಒಂದೊಂದೂ 4 ಎಂಬಿ. ಮೊಬೈಲ್ ಡೇಟಾದಲ್ಲಿ ಹೆಸರು, ಬೆಲೆ ಬರುತ್ತೆ. ಹಣ್ಣಿನ ಜಾಗ ಖಾಲಿ. ಹೋಸ್ಟಿಂಗ್ (ಸೈಟ್ ಇಡೋ ಸರ್ವರ್ ಬಾಡಿಗೆ) ದೊಡ್ಡ ಪ್ಲಾನ್ ತಗೊಳ್ಳಿ ಅಂತಾರೆ. ತಗೊಂಡ್ರೆ ಸರಿ ಹೋಗುತ್ತಾ? ಸೈಟಿಂದ ಫೋಟೊ ತೆಗೆದುಹಾಕೋಕೆ ಮನಸ್ಸಿಲ್ಲ.

ಉತ್ತರ: ಹೋಸ್ಟಿಂಗ್‌ಗೆ ಈಗ ದುಡ್ಡು ಹಾಕಬೇಡಿ. 29 ಫೋಟೊ, ತಲಾ 4 ಎಂಬಿ ಅಂದರೆ 116 ಎಂಬಿ. ಸೆಕೆಂಡಿಗೆ 8 ಮೆಗಾಬಿಟ್ ಬರುವ ಡೇಟಾದಲ್ಲಿ ಸೆಕೆಂಡಿಗೆ 1 ಎಂಬಿ ಮಾತ್ರ ಇಳಿಯುತ್ತದೆ, ಹಾಗಾಗಿ ಎಲ್ಲ ಬರಲು ಸುಮಾರು ಎರಡು ನಿಮಿಷ. ಸರ್ವರ್ ಎಷ್ಟೇ ಜೋರಿದ್ದರೂ ಗಿರಾಕಿಯ ಫೋನಿಗೆ ಬರುವ ದಾರಿ ಅಗಲವಾಗುವುದಿಲ್ಲ.

ಮೊದಲ ಕೆಲಸ ಅಳತೆ ಇಳಿಸುವುದು. ನಿಮ್ಮ ಫೋಟೊ 4000×3000 ಪಿಕ್ಸೆಲ್ ಇರಬಹುದು. ಮೊಬೈಲಿನಲ್ಲಿ ಒಂದು ಸಾಲಿಗೆ ಎರಡು ಹಣ್ಣು ತೋರಿಸಿದರೆ ಒಂದಕ್ಕೆ ಸಿಗುವ ಅಗಲ 170 ಪಿಕ್ಸೆಲ್ ಅಷ್ಟೆ. ಸ್ಕ್ರೀನ್ ಮೂರು ಪಟ್ಟು ಸಾಂದ್ರತೆಯದ್ದಾದರೂ 510 ಸಾಕು. ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ: ಫೈಲ್ ಎಷ್ಟೇ ಚಿಕ್ಕದಿರಲಿ, ಫೋನ್ ಅದನ್ನು ಬಿಚ್ಚಿದಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಮೆಮೊರಿ ಬೇಕು. 4000×3000 ಅಂದರೆ ಒಂದೇ ಫೋಟೊಗೆ 48 ಎಂಬಿ. ಕಡಿಮೆ ರ‍್ಯಾಮ್ ಇರುವ ಫೋನಿನಲ್ಲಿ ಸ್ಕ್ರೋಲ್ ತಡವರಿಸುವುದು ಇದರಿಂದಲೇ. ಆದ್ದರಿಂದ ಬರೀ ಕಂಪ್ರೆಸ್ ಮಾಡಿ ಅಳತೆ ಹಾಗೇ ಬಿಟ್ಟರೆ ಅರ್ಧ ಕೆಲಸವೇ ಆದಂತೆ.

ಪ್ರತಿ ಫೋಟೊವನ್ನೂ 400, 800, 1200 ಅಗಲದಲ್ಲಿ ಮೂರು ಪ್ರತಿ ಮಾಡಿಸಿ, ಚಿಕ್ಕ ಫೈಲ್ ಕೊಡುವ ವೆಬ್‌ಪಿ ರೂಪದಲ್ಲಿ. ಸ್ಕ್ವೂಶ್ ಅನ್ನುವ ಉಚಿತ ಸಾಧನ ಬ್ರೌಸರಿನಲ್ಲೇ ನಡೆಯುತ್ತದೆ. ಕ್ವಾಲಿಟಿ 75ರಿಂದ ಶುರು ಮಾಡಿ. ಮಾವಿನ ಹಣ್ಣಿಗೆ ಒಂದು ಎಚ್ಚರಿಕೆ ಇದೆ: ಬಾದಾಮಿಯ ತೊಟ್ಟಿನ ಪಕ್ಕದ ಭುಜದಲ್ಲಿ ಹಸಿರು ನಿಧಾನಕ್ಕೆ ಹಳದಿಗೆ ತಿರುಗುವ ಜಾಗವನ್ನು ಪೂರ್ತಿ ಗಾತ್ರದಲ್ಲಿ ನೋಡಿ. ಕ್ವಾಲಿಟಿ ತೀರಾ ಇಳಿಸಿದರೆ ಅಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ಹಣ್ಣಿಗೆ ಕಲೆ ಬಿದ್ದಿದೆಯೇನೋ ಅನ್ನಿಸುತ್ತದೆ. ಸೇಂದೂರದ ಕೆಂಪು ಎಲೆಗೆ ತಾಗುವ ಅಂಚನ್ನೂ ನೋಡಿ. ವೆಬ್‌ಪಿ ಬಣ್ಣದ ವಿವರವನ್ನು ಅರ್ಧ ಅಳತೆಯಲ್ಲಿ ಇಟ್ಟುಕೊಳ್ಳುವುದರಿಂದ ಗಾಢ ಕೆಂಪು ಸ್ವಲ್ಪ ಹರಡುತ್ತದೆ. ಆ ಫೋಟೊ ಒಂದಕ್ಕೆ 85 ಇಡಿ.

ಹಿನ್ನೆಲೆಯೂ ಬೈಟ್ ತಿನ್ನುತ್ತದೆ. ಒಣಹುಲ್ಲಿನ ಮೇಲೆ ಜೋಡಿಸಿದ ಹಣ್ಣು ಚೆಂದವೇ, ಆದರೆ ಪ್ರತಿ ಎಳೆಯೂ ವಿವರವೇ ಆದ್ದರಿಂದ ಅಷ್ಟಾಗಿ ಕಂಪ್ರೆಸ್ ಆಗುವುದಿಲ್ಲ. ಮೇಲಿನ ದೊಡ್ಡ ಫೋಟೊಗೆ ಹುಲ್ಲು ಇರಲಿ, ಪಟ್ಟಿಯ 24 ಹಣ್ಣುಗಳನ್ನು ಬಿಳಿ ಬಟ್ಟೆಯ ಮೇಲಿಟ್ಟು ತೆಗೆಯಿರಿ.

ಆಮೇಲೆ ಕೋಡ್. ಮೂರೂ ಪ್ರತಿಗಳನ್ನು ಸೋರ್ಸ್‌ಸೆಟ್‌ನಲ್ಲಿ ಕೊಡಿ (ಇದು ಬ್ರೌಸರ್ ಆರಿಸಿಕೊಳ್ಳಲು ಕೊಡುವ ಪ್ರತಿಗಳ ಪಟ್ಟಿ), ಜೊತೆಗೆ ಫೋಟೊ ಎಷ್ಟು ಅಗಲ ಕಾಣುತ್ತದೆ ಅಂತ ಹೇಳುವ ಸೈಜಸ್ ತಪ್ಪದೆ ಬರೆಯಿಸಿ. ಸೈಜಸ್ ಇಲ್ಲದಿದ್ದರೆ ಬ್ರೌಸರ್ ಫೋಟೊ ಪೂರ್ತಿ ಸ್ಕ್ರೀನ್ ಅಗಲ ಅಂದುಕೊಂಡು ದೊಡ್ಡ ಪ್ರತಿಯನ್ನೇ ಎಳೆಯುತ್ತದೆ. ವಿಡ್ತ್ (ಅಗಲ), ಹೈಟ್ (ಎತ್ತರ) ಎರಡೂ ಇರಲಿ, ಪುಟದ ರೂಪ ಹೇಳುವ ಕೋಡ್ ಆದ ಸಿಎಸ್‌ಎಸ್‌ನಲ್ಲಿ ಹೈಟ್ ಆಟೊ. ಇಲ್ಲದಿದ್ದರೆ ಫೋಟೊ ಬಂದಂತೆಲ್ಲ ಪುಟ ಕೆಳಕ್ಕೆ ಜಿಗಿದು, ರಸಪುರಿ ಒತ್ತಲು ಹೋದವರ ಬೆರಳು ಮಲ್ಲಿಕಾದ ಮೇಲೆ ಬೀಳುತ್ತದೆ. ಕೆಳಗಿನ ಫೋಟೊಗಳಿಗೆ ಲೇಜಿ ಲೋಡಿಂಗ್ ಹಾಕಿ, ಅಂದರೆ ಗಿರಾಕಿ ಸ್ಕ್ರೋಲ್ ಮಾಡಿ ಹತ್ತಿರ ಬಂದಾಗ ಮಾತ್ರ ಅವು ಇಳಿಯಲಿ.

ಸ್ಲೈಡರ್ ತೆಗೆದುಬಿಡಿ, ಇದರಲ್ಲಿ ರಾಜಿ ಬೇಡ. ಒಂದು ನೋಡಲು ಐದು ಇಳಿಸಿಕೊಳ್ಳುವುದು ಗಿರಾಕಿಯ ಡೇಟಾಗೆ ನಷ್ಟ. ಒಂದೇ ಒಳ್ಳೆಯ ಫೋಟೊ ಇಡಿ.

ಪ್ರಶ್ನೆ: ಆ ಮೇಲಿನ ಫೋಟೊಗೂ ಲೇಜಿ ಹಾಕಬಹುದಾ ಸರ್?

ಉತ್ತರ: ಬೇಡ. ಲೇಜಿ ಹಾಕಿದರೆ ಫೋಟೊ ಪರದೆಯಲ್ಲಿ ಎಲ್ಲಿ ಕೂರುತ್ತದೆ ಅಂತ ಲೆಕ್ಕ ಆಗುವವರೆಗೆ ಬ್ರೌಸರ್ ಕಾಯುತ್ತದೆ, ಮುಖ್ಯ ಫೋಟೊನೇ ತಡವಾಗುತ್ತದೆ. ಅದಕ್ಕೆ ಫೆಚ್ ಪ್ರಯಾರಿಟಿ ಹೈ ಕೊಡಿ, ಅಂದರೆ ಇದನ್ನು ಮೊದಲು ಇಳಿಸು ಅಂತ ಬ್ರೌಸರಿಗೆ ಹೇಳಿ. ಪರದೆಯ ಅತಿ ದೊಡ್ಡ ಅಂಶ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ನಿಮ್ಮಲ್ಲಿ ಆ ಅಂಶ ಈ ಫೋಟೊನೇ. ಇದು 120 ಕೆಬಿ, ಮೊದಲ ಪರದೆಯ ನಾಲ್ಕು ಹಣ್ಣು ತಲಾ 40 ಕೆಬಿಗೆ ಬಂದರೆ ಒಟ್ಟು 280 ಕೆಬಿ. ಸೆಕೆಂಡಿಗೆ 8 ಮೆಗಾಬಿಟ್‌ನ ಅದೇ ಡೇಟಾದಲ್ಲಿ ಇಷ್ಟು ಇಳಿಯಲು ಅರ್ಧ ಸೆಕೆಂಡ್ ಕೂಡ ಬೇಕಿಲ್ಲ. ಕ್ರೋಮ್‌ನೊಳಗೇ ಇರುವ ಪರೀಕ್ಷಾ ಸಾಧನ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ತೆರೆದು, ಕ್ಯಾಶ್ (ಹಿಂದೆ ಇಳಿದದ್ದನ್ನು ಬ್ರೌಸರ್ ಉಳಿಸಿಕೊಂಡ ಪ್ರತಿ) ಆಫ್ ಮಾಡಿ, ಸ್ಲೋ 4ಜಿ ಆರಿಸಿ ನೀವೇ ನೋಡಿ. ಮನೆ ವೈಫೈನಲ್ಲಿ ನೋಡಿ ಸರಿಯಿದೆ ಅಂತ ತೀರ್ಮಾನಿಸಬೇಡಿ.

ಇನ್ನೊಬ್ಬರ ಪ್ರಶ್ನೆ: ನಂದಿ ಬೆಟ್ಟದ ಕೆಳಗೆ ನಮ್ಮ ಹೋಂಸ್ಟೇ ಇದೆ, ಸೈಟ್ ವರ್ಡ್‌ಪ್ರೆಸ್. ಅದು ತಾನೇ ಫೋಟೊ ಚಿಕ್ಕದು ಮಾಡುತ್ತಲ್ವಾ?

ಉತ್ತರ: ಮಾಡುತ್ತದೆ ಮೇಡಂ, ಪೂರ್ತಿ ಅಲ್ಲ. 2019ರ 5.3 ಆವೃತ್ತಿಯಿಂದ 2560 ಪಿಕ್ಸೆಲ್‌ಗಿಂತ ದೊಡ್ಡ ಫೋಟೊವನ್ನು ಆ ಅಳತೆಗೆ ಇಳಿಸುತ್ತದೆ, ಚಿಕ್ಕ ಪ್ರತಿಗಳನ್ನೂ ಮಾಡುತ್ತದೆ. ಪುಟವನ್ನು ಎಳೆದು ಜೋಡಿಸುವ ಪೇಜ್ ಬಿಲ್ಡರ್‌ನಲ್ಲಿ ಬೆಟ್ಟದ ಮಂಜಿನ ಫೋಟೊವನ್ನು ಬ್ಯಾಕ್‌ಗ್ರೌಂಡ್ ಆಗಿ ಹಾಕಿದ್ದರೆ ಮಾತ್ರ ಆ ಚಿಕ್ಕ ಪ್ರತಿಗಳು ಸಾಮಾನ್ಯವಾಗಿ ಬಳಕೆಯಾಗುವುದಿಲ್ಲ. ಸಿಎಸ್‌ಎಸ್ ಓದಿ ಮುಗಿಯುವವರೆಗೆ ಬ್ರೌಸರಿಗೆ ಅಂಥ ಫೋಟೊ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಅದನ್ನು ಸಾಮಾನ್ಯ ಇಮೇಜ್ ಬ್ಲಾಕ್ ಮಾಡಿ. ರೂಮ್ ಬಾಡಿಗೆಯನ್ನು ಪೋಸ್ಟರ್ ಮೇಲೆ ಬರೆದು ಹಾಕಿದ್ದರೆ ತೆಗೆದು ಅಕ್ಷರದಲ್ಲೇ ಬರೆಯಿರಿ; ಮೊಬೈಲಿನಲ್ಲಿ ಪೋಸ್ಟರಿನ ಅಕ್ಷರ ಓದಲಾಗುವುದಿಲ್ಲ, ಪರದೆಯ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೂ ಸಿಗುವುದಿಲ್ಲ. ಐಫೋನಿನ ಹೀಕ್ (HEIC) ರೂಪದ ಫೋಟೊ ಫೈಲ್‌ಗಳನ್ನು ಹಾಗೇ ಹಾಕಬೇಡಿ, ಕ್ರೋಮ್ ತೋರಿಸುವುದಿಲ್ಲ.

ಪ್ರಶ್ನೆ: ಸರ್, ಮಲ್ಲಿಕಾದ ಫೋಟೊ ಬದಲಾಯಿಸಿದೆ, ಆದರೆ ಹಳೇ ಗಿರಾಕಿಗಳಿಗೆ ಹಳೇದೇ ಕಾಣ್ತಿದೆ.

ಉತ್ತರ: ಅವರ ಬ್ರೌಸರ್ ಕ್ಯಾಶ್‌ನಿಂದ ಕೊಡುತ್ತಿದೆ. ಕ್ಯಾಶ್ ಅವಧಿ ಒಂದು ವರ್ಷವೇ ಇರಲಿ, ಮತ್ತೆ ಬಂದವರಿಗೆ ಪುಟ ಬೇಗ ತೆರೆಯುವುದು ಅದರಿಂದಲೇ. ಫೋಟೊ ಬದಲಾದಾಗಲೆಲ್ಲ ಫೈಲಿನ ಹೆಸರು ಬದಲಿಸಿ: ಮಲ್ಲಿಕಾ-1 ಇದ್ದದ್ದು ಮಲ್ಲಿಕಾ-2. ಕೋಡಿನಲ್ಲಿ ಮೂರು ಅಳತೆಗಳ ಹೆಸರೂ ಬದಲಾಗಬೇಕು. ಒಂದು ಉಳಿದರೂ ಆ ಅಳತೆಯ ಫೋನಿನವರಿಗೆ ಹಳೆಯ ಹಣ್ಣೇ ಕಾಣುತ್ತದೆ.