ಸ್ಕೋಡಾ ಲಾರಾ ಕಾರಿಗೆ ಆರ್‌ಎಸ್ ಮಾಡೆಲ್‌ನ 312 ಬ್ರೇಕ್ ಹಾಕಿಸಬಹುದಾ? ಆಗುಂಬೆ ಘಾಟಿ ಇಳಿಯುವವರು ಹೇಳಿ

ತೀರ್ಥಹಳ್ಳಿ ಲಾರಾ:
ನಮ್ಮದು 2010ರ ಸ್ಕೋಡಾ ಲಾರಾ. 2.0 ಡೀಸೆಲ್, ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್, 16 ಇಂಚಿನ ಚಕ್ರ. ಅಮ್ಮನನ್ನು ಮಣಿಪಾಲಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಹಾಗಾಗಿ ಆಗುಂಬೆ ಘಾಟಿ ತಪ್ಪುವುದಿಲ್ಲ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಘಾಟಿಯ ಬುಡದ ಸೋಮೇಶ್ವರ ಬರುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿ.

ಮುಂದಿನ ಡಿಸ್ಕ್‌ಗಳು ಹೇಗೂ ಸವೆದಿವೆ. ಬೆಂಗಳೂರಿನಲ್ಲಿ ಒಬ್ಬರು ಗುಜರಿಗೆ ಹೋದ ಲಾರಾ ಆರ್‌ಎಸ್‌ನಿಂದ ಬಿಚ್ಚಿದ ಮುಂದಿನ ಬ್ರೇಕ್ ಸೆಟ್ ಕೊಡುತ್ತಾರಂತೆ. ಅದರ ಡಿಸ್ಕ್‌ನ ವ್ಯಾಸ 312 ಎಂಎಂ, ನನ್ನದು 288. ಹಾಕಿಸಿದರೆ ಈ ತೊಂದರೆ ಹೋಗುತ್ತದಾ, ಇಲ್ಲ ಸುಮ್ನೆ ದುಡ್ಡು ದಂಡವಾ?

ಹೆಬ್ರಿ ಮೆಕ್ಯಾನಿಕ್:
ಮಾರಾಯ್ರೇ, ನಾನು ಘಾಟಿಯ ಬುಡದಲ್ಲೇ ಕೆಲಸ ಮಾಡುವವನು. ಹೊಗೆಯಾಡುವ ಚಕ್ರ ದಿನಾ ನೋಡುತ್ತೇನೆ. 312 ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಕಾಯಿಲೆಗೆ ಮೊದಲ ಮದ್ದು ಅದಲ್ಲ.

ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು ಅಂದಿರಲ್ಲ, ಅದು ಬ್ರೇಕ್ ಆಯಿಲ್ ಕುದಿದ ಲಕ್ಷಣ. ಪ್ಯಾಡ್ ಕಾದು ಹಿಡಿತ ಬಿಟ್ಟರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ನಿಲ್ಲುವುದಿಲ್ಲ. ಎರಡೂ ಬೇರೆ ಬೇರೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದರೆ 230 ಡಿಗ್ರಿಯವರೆಗಾದರೂ ಕುದಿಯಬಾರದು ಅಂತ ನಿಯಮ. ತೇವ ಕುಡಿದದ್ದಕ್ಕೆ ಆ ಮಿತಿ ಬರೀ 155. ಕುದಿದಾಗ ಪೈಪಿನೊಳಗೆ ಆವಿ ಆಗುತ್ತದೆ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ, ಕಾಲು ಕೆಳಗೆ ಹೋಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ! ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಮೇಲಿನ ಡಬ್ಬಿಗೆ ಮಾತ್ರ ಸುರಿದು "ಆಯ್ತು ಸಾರ್" ಅನ್ನುವವರು ಇದ್ದಾರೆ, ನಾಲ್ಕೂ ಚಕ್ರದಿಂದ ಹಳೆಯದು ಹೊರಗೆ ಬರುವುದನ್ನು ನಿಂತು ನೋಡಿ. ಡಾಟ್ 5.1 ಹಾಕಿದರೂ ನಡೆಯುತ್ತದೆ. ಬರೀ "ಡಾಟ್ 5" ಅಂತ ಇರುವುದು ಸಿಲಿಕೋನ್, ಅದು ಬೇಡವೇ ಬೇಡ.

ಈಗ ಲೆಕ್ಕ ನೋಡಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವು, 500 ಮೀಟರಿನ ಆಸುಪಾಸು ಇಳಿಯುತ್ತೀರಿ. ಅಷ್ಟು ಇಳಿತದ ಶಕ್ತಿಯನ್ನೆಲ್ಲ ಬ್ರೇಕೇ ತಿಂದರೆ, ನೂರರ ವೇಗದಿಂದ ಹನ್ನೆರಡು ಸಲ ಒಂದರ ಹಿಂದೆ ಒಂದು ಪೂರ್ತಿ ನಿಲ್ಲಿಸಿದಷ್ಟು ಬಿಸಿ. ಕಾರಿನ ತೂಕ ಎಷ್ಟೇ ಇರಲಿ, ಈ ಹನ್ನೆರಡು ಬದಲಾಗುವುದಿಲ್ಲ. ಅದರಲ್ಲಿ ಎಂಜಿನ್ ಎಷ್ಟು ಹೊರುತ್ತದೋ ಅಷ್ಟು ಡಿಸ್ಕ್‌ಗೆ ಉಳಿತಾಯ. ಡಿಎಸ್‌ಜಿಯನ್ನು ಡಿಯಲ್ಲೇ ಬಿಟ್ಟು ಇಳಿದರೆ ಅದು ಮೇಲಿನ ಗೇರಿಗೆ ಹೋಗುತ್ತದೆ. ಮ್ಯಾನುಯಲ್‌ಗೆ ತಳ್ಳಿ ಎರಡರಲ್ಲಿ ಇಳಿಯಿರಿ. ಬ್ರೇಕ್ ಮೇಲೆ ಕಾಲು ಇಟ್ಟೇ ಇರಬೇಡಿ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿ ಒತ್ತಿ, ಪೂರ್ತಿ ಬಿಡಿ.

ಇನ್ನು 312ರ ವಿಷಯ. ನಿಮ್ಮದು ನಿಜವಾಗಿ 288 ಆಗಿದ್ದರೆ ಅದೃಷ್ಟ. ಎರಡೂ ಡಿಸ್ಕ್ 25 ಎಂಎಂ ದಪ್ಪ. ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಅದೇ, ಪ್ಯಾಡ್ ಅದೇ. ಬದಲಾಗುವುದು ಕ್ಯಾಲಿಪರ್ ಹಿಡಿದುಕೊಳ್ಳುವ ಬ್ರಾಕೆಟ್ ಮತ್ತು ಡಿಸ್ಕ್. ಡಿಸ್ಕ್‌ನ ಹಿಂಬದಿಗಿರುವ ಧೂಳು ತಡೆಯುವ ತಗಡು ತಾಗುತ್ತದಾ ನೋಡಿಕೊಂಡು ಅದನ್ನೂ ಆರ್‌ಎಸ್‌ನದೇ ಹಾಕಿ. ಕೆಲವು ಲಾರಾಗಳಲ್ಲಿ 280 ಇರುತ್ತದೆ, 22 ಎಂಎಂ ದಪ್ಪದ್ದು. ಹಾಗಿದ್ದರೆ ಕ್ಯಾಲಿಪರ್ ಸಮೇತ ಬದಲಿಸಬೇಕು. ಯಾರೋ ಹೇಳಿದರು ಅಂತ ನಂಬಬೇಡಿ, ಚಕ್ರ ಬಿಚ್ಚಿ ಅಳೆಯಿರಿ.

ಲಾಭ ಏನು? ಅದೇ ಒತ್ತಿಗೆ ಹಿಡಿತ ನೂರಕ್ಕೆ ಹತ್ತರಷ್ಟು ಜಾಸ್ತಿ. ಅದಕ್ಕಿಂತ ಮುಖ್ಯ, ಕಬ್ಬಿಣ ಜಾಸ್ತಿ, ಬಿಸಿ ತಡೆಯುವ ತಾಕತ್ತು ಜಾಸ್ತಿ. ಆದರೆ ಒಂದೇ ಒಂದು ಸಲ ಜೋರಾಗಿ ಬ್ರೇಕ್ ಹೊಡೆದಾಗ ಕಾರು ಬೇಗ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಈಗಿನ ಬ್ರೇಕಿಗೇ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಗಡಗಡ ಅನ್ನುತ್ತದೆ ಅಂದರೆ ಟೈರಿನ ಹಿಡಿತ ಅಲ್ಲಿಗೆ ಮುಗಿಯಿತು.

ಬ್ರಾಕೆಟ್ ಹಳೆಯದು ತಗೊಳ್ಳಬಹುದು, ತುಕ್ಕು ತಿಂದು ಗುಳಿ ಬಿದ್ದಿರಬಾರದು ಅಷ್ಟೆ. ಡಿಸ್ಕ್, ಪ್ಯಾಡ್, ಬ್ರಾಕೆಟ್ ಬೋಲ್ಟ್ ಹೊಸದೇ ಬೇಕು. 25 ಎಂಎಂ ದಪ್ಪದ ಡಿಸ್ಕ್ ಸವೆದು 22ಕ್ಕೆ ಇಳಿದರೆ ಅದು ಗುಜರಿ, ಆರ್‌ಎಸ್ ಆದರೇನು, ಬೇರೆ ಆದರೇನು.

ಟರ್ಬೊ ಗೌಡ:
ಅಣ್ಣ, ದುಡ್ಡು ಹಾಕೋದೇ ಆದ್ರೆ 312 ಯಾಕೆ? ಆಡಿ ಎಸ್3ರ 345 ಹಾಕಿಸಿ. ನೋಡೋಕೂ ಚೆನ್ನಾಗಿರುತ್ತೆ!

ಹೆಬ್ರಿ ಮೆಕ್ಯಾನಿಕ್:
ಗೌಡ್ರೇ, ನೋಡೋಕೆ ಅಂದರೆ ಕ್ಯಾಲಿಪರ್‌ಗೆ ಕೆಂಪು ಪೇಂಟ್ ಹೊಡೆಸಿ, ಖರ್ಚು ಕಡಿಮೆ. 345 ಅವರ 16 ಇಂಚಿನ ಚಕ್ರದೊಳಗೆ ಕೂರುವುದೇ ಇಲ್ಲ. ದೊಡ್ಡ ಚಕ್ರ, ತೆಳ್ಳಗಿನ ಟೈರು, ನಮ್ಮ ರಸ್ತೆಯ ಗುಂಡಿ, ಆಮೇಲೆ ರಿಮ್ಮು ಬೆಂಡು. ಕ್ಯಾಲಿಪರೂ ಬೇರೆ. ಪಿಸ್ಟನ್ ದೊಡ್ಡದಾದರೆ ಆಯಿಲ್ ಜಾಸ್ತಿ ಬೇಕು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಅದೇ ಇರುತ್ತದೆ, ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. ಅವರು ಬೇಡ ಅನ್ನುತ್ತಿರುವುದೇ ಅದನ್ನು!

ಸ್ಟುಟ್‌ಗಾರ್ಟ್ ಕನ್ನಡಿಗ:
ಇಲ್ಲಿ ಜರ್ಮನಿಯಲ್ಲಿ ಐದನೇ ತಲೆಮಾರಿನ ಗಾಲ್ಫ್ ಜಿಟಿಐಗೂ ಮುಂದೆ ಇದೇ 312. ಹಾಗಾಗಿ ಆರ್‌ಎಸ್ ಅನ್ನುವ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ. ಇಲ್ಲಾದರೆ ಹೀಗೆ ಬದಲಿಸಿದ ಮೇಲೆ ತಪಾಸಣೆ ಮಾಡಿಸಿ ಕಾರಿನ ದಾಖಲೆಯಲ್ಲಿ ಸೇರಿಸಬೇಕಾಗುತ್ತದೆ. ನಿಮ್ಮಲ್ಲಿ ಇನ್ಶೂರೆನ್ಸ್‌ನವರಿಗೆ ಮೊದಲೇ ಬರೆದು ತಿಳಿಸಿಬಿಡಿ.

ತೀರ್ಥಹಳ್ಳಿ ಲಾರಾ:
ಎಲ್ಲರಿಗೂ ಥ್ಯಾಂಕ್ಸ್. ಅಳೆಸಿದೆ, 288ನೇ. ಬ್ರೇಕ್ ಆಯಿಲ್ ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು, ಪೂರ್ತಿ ಬದಲಿಸಿದೆವು. ಎರಡನೇ ಗೇರಿನಲ್ಲಿ ಇಳಿದೆ, ವಾಸನೆ ಇಲ್ಲ, ಪೆಡಲ್ ಗಟ್ಟಿ. ಡಿಸ್ಕ್ ಬದಲಿಸುವುದು ಹೇಗೂ ಇದೆಯಲ್ಲ, 312ನೇ ಹಾಕಿಸೋಣ ಅಂತಿದ್ದೇನೆ. ಹಿಂದಿನ ಬ್ರೇಕ್ ಹಾಗೇ ಬಿಡಬಹುದಾ?

ಹೆಬ್ರಿ ಮೆಕ್ಯಾನಿಕ್:
ಬಿಡಬಹುದು. ಹಿಡಿತ ಸ್ವಲ್ಪ ಮುಂದಕ್ಕೆ ವಾಲುತ್ತದೆ, ಅದರಿಂದ ಅಪಾಯ ಇಲ್ಲ. ಹಿಂದಿನದನ್ನು ಮಾತ್ರ ದೊಡ್ಡದು ಮಾಡಿದರೆ ಕಷ್ಟ, ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ತಿರುಗಿಬಿಡುತ್ತದೆ. ಹಾಕಿಸಿದ ಮೇಲೆ ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ ಎಂಬತ್ತರಿಂದ ಇಪ್ಪತ್ತಕ್ಕೆ ನಿಧಾನವಾಗಿ ಇಳಿಸುವುದನ್ನು ಕೆಲವು ಸಲ ಮಾಡಿ. ಪೂರ್ತಿ ನಿಲ್ಲಿಸಬೇಡಿ, ಮಧ್ಯೆ ತಣಿಯಲು ಬಿಡಿ. ಅಲ್ಲಿಯವರೆಗೆ ಘಾಟಿ ಬೇಡ. ಚಕ್ರದ ಬೋಲ್ಟ್ 120 ನ್ಯೂಟನ್ ಮೀಟರ್, ಟಾರ್ಕ್ ಪಾನಾದಲ್ಲೇ ಬಿಗಿಸಲಿ.

ಅಂದಹಾಗೆ, ಸ್ಟೆಪ್ನಿ ಎಷ್ಟು ಇಂಚಿನದು? 15 ಇಂಚಿನ ಕಬ್ಬಿಣದ ರಿಮ್ ಆಗಿದ್ದರೆ 312ರ ಮೇಲೆ ಕೂರುವುದಿಲ್ಲ. ಮುಂದಿನ ಟೈರು ಪಂಕ್ಚರ್ ಆದರೆ ಹಿಂದಿನ ಚಕ್ರ ಬಿಚ್ಚಿ ಮುಂದೆ ಹಾಕಿ, ಸ್ಟೆಪ್ನಿಯನ್ನು ಹಿಂದೆ ಹಾಕಬೇಕಾಗುತ್ತದೆ. ಮಳೆಯಲ್ಲಿ, ತಿರುವಿನಲ್ಲಿ, ಅಮ್ಮನನ್ನು ಕೂರಿಸಿಕೊಂಡು ಆ ಕೆಲಸ ಬೇಡ. ಒಂದು 16ರ ರಿಮ್ ಈಗಲೇ ಹುಡುಕಿಡಿ.