ಸಿನಿಮಾ ನೋಡಿ ಇಂಗ್ಲಿಷ್ ಮಾತು ಕಲಿತವರು ಇದ್ದೀರಾ?

ಬಳ್ಳಾರಿ ಜೀನ್ಸ್: ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಫೋನ್ ಎತ್ತಿದರೆ ನಾಲಿಗೆ ಏಳುವುದಿಲ್ಲ. ಸಿನಿಮಾ ನೋಡಿ ಕಲಿಯಬಹುದಾ? ನಿಮ್ಮ ಅನುಭವ ಹೇಳಿ.

ಮಾನ್ವಿ ಹುಡುಗ: ನಾನು ಮೊದಲು ಕೋಚಿಂಗಿಗೆ ದುಡ್ಡು ಸುರಿದೆ. ಮೂರು ತಿಂಗಳು ಬರೀ ಟೆನ್ಸ್ ಬರೆಸಿದರು, ಒಂದು ದಿನ ಬಾಯಿ ಬಿಡಿಸಲಿಲ್ಲ. ಆಮೇಲೆ ಒಂದೇ ಸಿನಿಮಾವನ್ನು 11 ಸಲ ನೋಡಿದೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ಒಂದೊಂದು ಸಾಲಿಗೂ ನಿಲ್ಲಿಸಿ, ಅವರು ಹೇಳಿದ ಹಾಗೇ ಜೋರಾಗಿ ಹೇಳುತ್ತಿದ್ದೆ. ‘ಗೋಯಿಂಗ್ ಟು’ ಬಾಯಲ್ಲಿ ‘ಗೊನ್ನಾ’ ಆಗುತ್ತದೆ ಅಂತ ಅಲ್ಲೇ ಗೊತ್ತಾಗಿದ್ದು.

ಆನೆಗೊಂದಿ ಆಟೋ: ಸಬ್‌ಟೈಟಲ್ ಹಾಕಿದರೆ ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ. ನಾನು ತೆಗೆದುಹಾಕಿದ ಮೇಲೇ ಕಲಿತಿದ್ದು. ಹೋದ ವರ್ಷ ಪ್ರವಾಸಿಯೊಬ್ಬರಿಗೆ ಎಳನೀರು ಬೇಕಾ ಅಂತ ಕೇಳಿದೆ, ‘ಐಯಾಮ್ ಗುಡ್’ ಅಂದರು. ಸರಿ ಅಂದರು ಅಂದುಕೊಂಡು ಕೊಚ್ಚಿಸಿದೆ. ಬೇಡ ಅನ್ನೋದಕ್ಕೆ ಹಾಗಂತಾರೆ ಅಂತ ಆಗ ತಿಳಿಯಿತು. 40 ರೂಪಾಯಿ ನಾನೇ ಕೊಟ್ಟೆ.

ಮಾನ್ವಿ ಹುಡುಗ: ಕಿವಿ ಮಲಗುತ್ತದೆ ಅಂತ ಸುಮ್ನೆ ಹೇಳಬೇಡಿ. ನಿಮಗೆ ಮಾತಾಡಲು ದಿನಾ ಫಾರಿನರ್ ಸಿಗುತ್ತಾರೆ. ನಮ್ಮೂರಲ್ಲಿ ಯಾರ ಹತ್ತಿರ ಮಾತಾಡಲಿ, ಭತ್ತದ ಗದ್ದೆ ಹತ್ತಿರನಾ?

ಕೌಲ್ ಬಜಾರ್ ಅಕ್ಕ: ಸಿನಿಮಾ ಮಾತು ನಂಬಿ ನಾನು ಕೆಲಸ ಕಳೆದುಕೊಂಡೆ. ಇಂಟರ್‌ವ್ಯೂನಲ್ಲಿ ಹುಟ್ಟಿದ ವರ್ಷ ತಪ್ಪಾಗಿ ಹೇಳಿ, ‘ಸಾರಿ’ ಅನ್ನೋ ಜಾಗದಲ್ಲಿ ‘ಮೈ ಬ್ಯಾಡ್’ ಅಂದೆ. ಅದು ಗೆಳೆಯರ ನಡುವಿನ ಮಾತು. ಅವರು ಪೆನ್ ಮುಚ್ಚಿ ಜೇಬಿಗಿಟ್ಟರು. ಎರಡು ವರ್ಷ ಆಯಿತು, ಆ ಪೆನ್ನಿನ ಸದ್ದು ಇನ್ನೂ ಕಿವಿಯಲ್ಲಿದೆ. ಕನ್ನಡ ಮೀಡಿಯಂನವರು ಮೊದಲು ವ್ಯಾಕರಣ ಗಟ್ಟಿ ಮಾಡಿಕೊಳ್ಳಬೇಕು.

ಆನೆಗೊಂದಿ ಆಟೋ: ಕನ್ನಡ ಮೀಡಿಯಂ ಯಾಕೆ ಎಳೆದಿರಿ ಅಕ್ಕಾ? ನಾನು ಏಳನೇ ಕ್ಲಾಸು, ಅದೂ ಸರ್ಕಾರಿ ಶಾಲೆ. ಬ್ರಿಟನ್ನಿನವರು ‘ಚಿಯರ್ಸ್’ ಅಂದರೆ ಥ್ಯಾಂಕ್ಸ್ ಅಂತ ಯಾವ ವ್ಯಾಕರಣದಲ್ಲಿದೆ?

ಕೌಲ್ ಬಜಾರ್ ಅಕ್ಕ: ನಿಮ್ಮನ್ನು ಅಂದಿಲ್ಲ, ನನ್ನ ಕಥೆ ಹೇಳಿದೆ. ನಾನೂ ಕನ್ನಡ ಮೀಡಿಯಮ್ಮೇ.

ಬಳ್ಳಾರಿ ಜೀನ್ಸ್: ಸರಿ, ಆರ್ಡರ್ ಫೋನ್ ಬಂದಾಗ ಆಡುವ ಮಾತಿಗೆ ಎಂಥ ಸಿನಿಮಾ ನೋಡಲಿ?

ಮಾನ್ವಿ ಹುಡುಗ: ಮೊದಲು ಸಬ್‌ಟೈಟಲ್ ವಿಷಯ ಮುಗಿಯಲಿ. ಇಲ್ಲದೆ ನೋಡಿದರೆ ‘ವಾಟರ್’ ಅನ್ನೋದನ್ನು ಅಮೆರಿಕದವರು ‘ವಾಡರ್’ ಅಂದಾಗ ಹೇಗೆ ಹಿಡಿಯುತ್ತೀರಿ, ಹೇಳಿ ಆಟೋ ಅಣ್ಣಾ.